ವಾಗಿಯೊನ ಕಂಪ್ಯೂಟರಿನ ಬಿಡುವು

ವಾಗಿಯೊನ ಕಷ್ಟಕ್ಕೆಲ್ಲ ಮೂಲ ಕರಿದ ಸೋಯಾ ತಿಂಡಿ ತೆಂಪೆಯ ಒಂದು ಪೊಟ್ಟಣ.

ಎದುರಿಗೆ ಸಿಕ್ಕಾಗ ನಾವೆಲ್ಲ ಅವನನ್ನು ‘ಪಾ ವಾಗಿಯೊ’ ಎಂದು ಮರ್ಯಾದೆಯಿಂದಲೇ ಕರೆಯುತ್ತೇವೆ; ನಮ್ಮಲ್ಲಿ ಗಂಡಸರಿಗೆ ‘ಪಾ’, ಹೆಂಗಸರಿಗೆ ‘ಬು’. ವಯಸ್ಸು ಅರವತ್ತೆರಡು. ಹಾಲಿನ ಸಹಕಾರ ಸಂಘದಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಕತೆಯಲ್ಲಿ ಮಾತ್ರ ಏಕವಚನವೇ ಇರಲಿ, ಅವನೇನೂ ಬೇಡ ಎನ್ನುವವನಲ್ಲ. ಯಾವುದಕ್ಕೂ ಬೇಡ ಎನ್ನುವವನಲ್ಲ, ಅದೇ ಅವನ ರೋಗ. ಯಾರು ಏನು ಕೇಳಿದರೂ ಅವನ ಬಾಯಿಂದ ಬರುವ ಮಾತು ಒಂದೇ: “ಆಗಬಹುದು.”

ಹಾಗೆ ನೋಡಿದರೆ ಸಲಾತಿಗ ಊರಿನ ನಮ್ಮ ಈ ಗಲ್ಲಿಯಲ್ಲಿ ಯಾರೂ ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವುದಿಲ್ಲ. ಒಬ್ಬರೇ ಯಾವುದನ್ನೂ ತೀರ್ಮಾನಿಸುವುದೂ ಇಲ್ಲ. ಚರಂಡಿ ಎತ್ತ ಹರಿಯಬೇಕು, ಗಲ್ಲಿಯ ಕಮಾನಿಗೆ ಯಾವ ಬಣ್ಣ, ಯಾರ ಮನೆಯ ಹುಂಜ ಎಷ್ಟು ಹೊತ್ತಿಗೆ ಕೂಗಿದರೆ ತಪ್ಪು, ಎಲ್ಲಕ್ಕೂ ಚಾಪೆ ಹಾಸಿ ಕೂತು ಎಲ್ಲರ ತಲೆಯೂ ಆಡುವವರೆಗೆ ಮಾತಾಡುತ್ತೇವೆ. ಕೈ ಎತ್ತಿಸಿ ಎಣಿಸುವುದು ನಮ್ಮಲ್ಲಿ ಒರಟುತನ. “ಒಬ್ಬ ಆಡಿದ್ದು ಬರೀ ಸದ್ದು, ಇನ್ನೊಬ್ಬ ತಲೆಯಾಡಿಸಿದಾಗಲೇ ಅದು ಮಾತು” ಎಂದು ಗಲ್ಲಿಯ ಮುಖ್ಯಸ್ಥ ಪಾ ಕುಸ್ನಾನ್ ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಹೇಳಿ, ನಮ್ಮ ತಲೆಗಳ ಕಡೆ ನೋಡುತ್ತಾರೆ.

ಇರಲಿ, ತೆಂಪೆಗೆ ಬರೋಣ. ಒಂದು ಸಂಜೆ ವಾಗಿಯೊ ತಿಂಡಿ ಮುಗಿಸಿ ಕೈ ಒರೆಸಿಕೊಳ್ಳಲು ಹೋದ ಕಾಗದ ಯಾವುದೋ ಹಳೆಯ ಪತ್ರಿಕೆಯ ಪುಟವಾಗಿತ್ತು. ಎಣ್ಣೆಯಲ್ಲಿ ನೆನೆದ ಪುಟದಲ್ಲಿ ಹೀಗಿತ್ತು: ಲೋಕದ ತುಂಬ ಜನ ತಮ್ಮ ಕಂಪ್ಯೂಟರಿಗೆ ಬಿಡುವಿದ್ದಾಗ ಅದನ್ನು ವಿಜ್ಞಾನಿಗಳ ಲೆಕ್ಕಕ್ಕೆ ಬಿಟ್ಟುಕೊಡುತ್ತಾರೆ. ಯಾವ ಕೆಲಸಕ್ಕೆ ಎಂಬುದನ್ನು ಅವರವರೇ ಆರಿಸಿಕೊಳ್ಳಬಹುದು. ಆಕಾಶದಲ್ಲಿ ನಾಡಿಯ ಹಾಗೆ ಮಿಡಿಯುವ ನಕ್ಷತ್ರಗಳನ್ನು ಹುಡುಕುವ ಕೆಲಸವೂ ಅದರಲ್ಲಿದೆ. ಯಾರ ಕಂಪ್ಯೂಟರಿನಲ್ಲಿ ನಕ್ಷತ್ರ ಸಿಕ್ಕಿತೋ ಅವರ ಹೆಸರು ಬರೆದು ಪ್ರಮಾಣಪತ್ರ ಕಳಿಸುತ್ತಾರೆ. ಬಸ್ ಓಡಿಸುವವನೊಬ್ಬನಿಗೆ ಹಾಗೆ ಸಿಕ್ಕಿದೆಯಂತೆ.

ವಾಗಿಯೊ ಆ ಪುಟವನ್ನು ಬೆಳಕಿಗೆ ಹಿಡಿದು ಮೂರು ಸಲ ಓದಿದ. ಮೂವತ್ತೈದು ವರ್ಷ ಅವನ ಹೆಸರು ಬಿದ್ದದ್ದು ಹಾಲಿನ ಚೀಟಿಗಳ ಕೆಳಗೆ ಮಾತ್ರ. ಅದನ್ನು ಹಸುವೂ ಓದಲಿಲ್ಲ, ಹಾಲು ಕುಡಿದವರೂ ಓದಲಿಲ್ಲ. ಒಂದು ನಕ್ಷತ್ರದ ಪಕ್ಕದಲ್ಲಿ ತನ್ನ ಹೆಸರು ಇರುವುದಾದರೆ ಎಂದುಕೊಂಡಾಗ ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಆಸೆಯೂ ಆಯಿತು. ಇದೊಂದನ್ನು ಮಾತ್ರ ಯಾರನ್ನೂ ಕೇಳದೆ ತಾನೇ ತೀರ್ಮಾನಿಸುವುದು ಎಂದು ನಿಶ್ಚಯಿಸಿದ. ಹೆಂಡತಿ ಸಾರ್ಮಿಗೂ ಹೇಳಲಿಲ್ಲ.

ಕಂಪ್ಯೂಟರು ಮನೆಯಲ್ಲೇ ಇತ್ತು. ಅದರದೂ ಒಂದು ಕತೆ. ಆಗಸ್ಟಿನ ಸ್ವಾತಂತ್ರ್ಯ ದಿನ ಊರವರೆಲ್ಲ ಬೆಳಗ್ಗೆ ಒಟ್ಟಿಗೆ ನಡೆದು, ನಡೆದವರ ಕೂಪನ್ನು ಎತ್ತಿ ಬಹುಮಾನ ಕೊಡುವುದು ವಾಡಿಕೆ. ಪಕ್ಕದ ಮನೆಯ ಬು ಮೆನುರ್ ತನ್ನ ಕೂಪನ್ನನ್ನು ಚಹಾದ ಲೋಟದಲ್ಲಿ ಬೀಳಿಸಿಕೊಂಡು, “ಪಾ, ನಿಮ್ಮದು ಕೊಡಿ, ನಂದು ತಗೊಳ್ಳಿ. ನಿಮಗೇನು, ಎರಡೂ ಒಂದೇ ಅಲ್ವಾ?” ಎಂದಳು. ವಾಗಿಯೊ ಆಗಬಹುದು ಎಂದ. ಚಹಾ ಕುಡಿದ ಕೂಪನ್ನಿಗೆ ಮೊದಲ ಬಹುಮಾನ ಕಂಪ್ಯೂಟರು ಬಂತು. ಬು ಮೆನುರ್‌ಗೆ ಪ್ಲಾಸ್ಟಿಕ್ ಬಕೆಟ್ಟು ಬಂತು. ಅಂದಿನಿಂದ ಅವಳು ಆ ಬಕೆಟ್ಟನ್ನು ವಾಗಿಯೊನ ಮನೆಯ ಕಡೆಗೇ ಮುಖ ಮಾಡಿ ಇಡುತ್ತಾಳೆ.

ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ದಿನ ಒದ್ದಾಡಿ ವಾಗಿಯೊ ನಕ್ಷತ್ರದವರ ಜೊತೆ ಸೇರಿಕೊಂಡ. ಅವರು ಅವನ ಕಂಪ್ಯೂಟರಿಗೆ ಲೆಕ್ಕದ ಒಂದು ಕಟ್ಟು ಕಳಿಸಿದರು, ಎಂಟು ದಿನದ ಗಡುವು ಕೊಟ್ಟರು. ಆದರೆ ಅವನು ಕುರ್ಚಿ ಬಿಟ್ಟು ಎದ್ದದ್ದೇ ತಡ, ಸಾರ್ಮಿ ಬಂದು ಕಂಪ್ಯೂಟರು ಆರಿಸುತ್ತಿದ್ದಳು.

“ಖಾಲಿ ಕುರ್ಚಿ ಮುಂದೆ ಇದ್ಯಾಕೆ ಉರೀಬೇಕು ಪಾ? ನಲ್ಲಿ ತಿರುಗಿಸಿಟ್ಟು ಮಾರ್ಕೆಟ್ಟಿಗೆ ಹೋದ ಹಾಗೆ.”

“ಆಗಬಹುದು ಬು,” ಎನ್ನುತ್ತಿದ್ದ ಅವನು.

ಹೀಗೆ ಏಳು ದಿನ ಕಳೆದು ಎಂಟನೆಯ ದಿನ, ಗುರುವಾರ ಬೆಳಗಾಯಿತು. ಗಡುವು ಸಂಜೆ ಆರಕ್ಕೆ. ಇನ್ನು ಐದು ಗಂಟೆಯ ಲೆಕ್ಕ ಬಾಕಿ ಎಂದು ಪರದೆ ಹೇಳುತ್ತಿತ್ತು. ಈಗ ಎಂಟು ಗಂಟೆ. ಯಾರೂ ಮುಟ್ಟದಿದ್ದರೆ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತದೆ. ಚಹಾ ಕುಡಿದ ಕೂಪನ್ನಿಗೆ ಕಂಪ್ಯೂಟರು ಸಿಕ್ಕಿದ್ದರೆ, ಮೊದಲ ಕಟ್ಟಿನಲ್ಲೇ ನಕ್ಷತ್ರ ಯಾಕೆ ಸಿಗಬಾರದು ಎಂದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಆದರೆ ಅದೇ ಗುರುವಾರ ಸಂಜೆ ಅವನ ಮನೆಯಲ್ಲಿ ಊಟ. ಮನೆಗೆ ಹೊಸದೇನಾದರೂ ಬಂದರೆ ನೆರೆಯವರನ್ನು ಕರೆದು, ಹಳದಿ ಅನ್ನದ ಗೋಪುರ ಕಟ್ಟಿ, ಪ್ರಾರ್ಥನೆ ಮಾಡಿ ಬಡಿಸಬೇಕು. ಎರಡು ತಿಂಗಳಿಂದ ಜನ, “ಕಂಪ್ಯೂಟ್ರು ಹೇಗಿದೆ? ಹಸಿವು ಗಿಸಿವು ಅಂತಿದೆಯಾ?” ಎಂದು ವಿಚಾರಿಸುತ್ತಲೇ ಇದ್ದರು. ಇಂಥ ಅಡುಗೆಯೆಂದರೆ ನೆರೆಯ ಹೆಂಗಸರು ಬೆಳಗ್ಗೆಯೇ ಬಂದು ಕೈಜೋಡಿಸಬೇಕು, ಗಂಡಸರು ಚಾಪೆ ಹಾಸುವ ನೆಪದಲ್ಲಿ ಬಂದು ಸಿಗರೇಟು ಸೇದಬೇಕು. ಕರೆಯುವ ಅಗತ್ಯವಿಲ್ಲ, ಬರಬೇಡಿ ಎನ್ನುವ ಬಾಯಿಯೂ ಯಾರಿಗೂ ಇಲ್ಲ.

ಮೊದಲು ಬಂದವಳು ಬು ಮೆನುರ್, ಕೈಯಲ್ಲಿ ತೆಂಗಿನಕಾಯಿ ತುರಿಯುವ ಹಲಗೆ. ಅಡುಗೆಮನೆಗೆ ಹೋಗುವ ದಾರಿಯಲ್ಲಿ ಪರದೆ ಕಣ್ಣಿಗೆ ಬಿತ್ತು.

“ಪಾ, ನಿಮ್ಮ ಕಂಪ್ಯೂಟ್ರು ತನ್ನಷ್ಟಕ್ಕೆ ತಾನೇ ಏನೋ ಮಾಡ್ಕೊಳ್ತಿದೆ.”

ನಕ್ಷತ್ರ, ಪ್ರಮಾಣಪತ್ರ ಎಂದರೆ ಜಂಭವಾಗುತ್ತದೆ. ವಾಗಿಯೊ ತಡವರಿಸಿದ. “ಅದು... ಬಿಡುವಿದ್ದಾಗ ವಿಜ್ಞಾನಿಗಳಿಗೆ ಲೆಕ್ಕ ಮಾಡಿಕೊಡುತ್ತೆ ಬು.”

“ಯಾವ ವಿಜ್ಞಾನಿಗಳಿಗೆ?”

“ಬೇಕಾದವರಿಗೆ. ಪಟ್ಟಿ ಇದೆ, ಆರಿಸ್ಕೋಬಹುದು.”

ಆರಿಸಿಕೊಳ್ಳಬಹುದು ಎಂಬ ಮಾತನ್ನು ನಮ್ಮ ಗಲ್ಲಿಯಲ್ಲಿ ಬಾಯಿತಪ್ಪಿಯೂ ಆಡಬಾರದು. ಬು ಮೆನುರ್ ತುರಿಯುವ ಹಲಗೆಯನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟು ಕುರ್ಚಿ ಎಳೆದುಕೊಂಡಳು. “ಸಕ್ಕರೆ ಕಾಯಿಲೆಗೆ ಏನಾದ್ರೂ ಇದೆಯಾ ನೋಡಿ.”

ದೇಹದೊಳಗಿನ ಅಣುಗಳು ಹೇಗೆ ಮಡಚಿಕೊಳ್ಳುತ್ತವೆ ಎಂದು ಲೆಕ್ಕ ಹಾಕಿ, ಮುಂದೆ ಔಷಧಿಗೆ ದಾರಿ ಹುಡುಕುವ ಕೆಲಸವೊಂದಿತ್ತು.

“ಹಾಕಿ ಅದನ್ನ.”

“ಬು, ಇವತ್ತು ಒಂದು ದಿನ...”

“ನಾನೇನೂ ಬಲವಂತ ಮಾಡಲ್ಲಪ್ಪ. ಆ ಕೂಪನ್ನು ನೆನಪಿದೆಯಾ ಅಂತ ಕೇಳ್ದೆ, ಅಷ್ಟೆ.”

“ಆಗಬಹುದು,” ಎಂದ ವಾಗಿಯೊ.

ಬು ಮೆನುರ್ ಅಡುಗೆಮನೆಗೆ ಹೋಗಿ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಸಿಕೊಂಡಳು. ಸಾರ್ಮಿ ಹುಬ್ಬೇರಿಸಿದ್ದಕ್ಕೆ, “ಔಷಧಿ ಬರ್ತಾ ಇದೆಯಲ್ಲ,” ಎಂದಳು.

ಸುದ್ದಿ ಮೆಣಸಿನಕಾಯಿ ಘಾಟಿನ ಹಾಗೆ ಗಲ್ಲಿಗೆ ಹರಡಿತು. ಒಂಬತ್ತಕ್ಕೆ ಊರುಗೋಲು ಕುಟ್ಟುತ್ತ ಪಾ ಗುರು ಬಂದರು. ಎಂಬತ್ತು ದಾಟಿದ ಮುದುಕರು, ಗಲ್ಲಿಯ ಮುಕ್ಕಾಲು ಪಾಲು ಜನಕ್ಕೆ ಗಣಿತ ಕಲಿಸಿದವರು. ವಾಗಿಯೊನ ಕಿವಿಯನ್ನೂ ಸಾಕಷ್ಟು ಹಿಂಡಿದವರು.

“ಏನೋ ವಾಗಿಯೊ, ಹದಿಮೂರರ ಮಗ್ಗಿ ಬರದವನ ಮನೇಲಿ ಲೆಕ್ಕ ಮಾಡೋ ಯಂತ್ರ ಇದೆಯಂತೆ?”

ಅವರಿಗೆ ಬೇಕಾದದ್ದು ಅವಿಭಾಜ್ಯ ಸಂಖ್ಯೆ. ಕೋಟಿಗಟ್ಟಲೆ ಅಂಕಿಗಳಿದ್ದು, ತನ್ನನ್ನೂ ಒಂದನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಮಹಾ ಸಂಖ್ಯೆಯನ್ನು ಹುಡುಕುವ ಕೆಲಸ ಪಟ್ಟಿಯಲ್ಲಿದೆಯೆಂದು ಅವರಿಗೆ ಗೊತ್ತಿತ್ತು.

“ಸಿಕ್ಕಿದ್ರೆ ಏನಾಗುತ್ತೆ ಪಾ ಗುರು?” ಸಾರ್ಮಿ ಅಡುಗೆಮನೆಯಿಂದ ಕೇಳಿದಳು.

“ಏನೂ ಆಗಲ್ಲಮ್ಮ. ಅದು ಯಾರ ಜೊತೆಗೂ ಪಾಲು ಹಂಚ್ಕೊಳ್ಳದೆ ತನ್ನ ಪಾಡಿಗೆ ತಾನಿರುತ್ತೆ. ಈ ಗಲ್ಲೀಲಿ ಎಂಬತ್ತು ವರ್ಷ ಬಾಳಿದವನಿಗೆ ಅಂಥದ್ದೊಂದು ಇದೆ ಅಂತ ತಿಳಿದ್ರೇ ಎಷ್ಟೋ ಸಮಾಧಾನ.”

ಗುರುಗಳಿಗೆ ಇಲ್ಲವೆನ್ನುವುದುಂಟೆ? ವಾಗಿಯೊನ ಕೈ ತಾನಾಗಿ ಕಿವಿ ಮುಟ್ಟಿಕೊಂಡಿತು. ಅದನ್ನೂ ಹಾಕಿದ.

ಹತ್ತಕ್ಕೆ ಬಂದವರು ಮುಖ್ಯಸ್ಥ ಪಾ ಕುಸ್ನಾನ್. ಅವರದು ಸೀಗಡಿ ಹಪ್ಪಳದ ಕಸುಬು. ಆಕಾಶದಲ್ಲಿ ಮೋಡ ಕಂಡರೆ ಅವರ ಮುಖದಲ್ಲೂ ಕಾಣುತ್ತದೆ. ಹವಾಮಾನದ ಲೆಕ್ಕವೂ ಇದೆ ಎಂದು ಕೇಳಿ ಬಂದಿದ್ದರು.

“ಮುಂದಿನ ಗುರುವಾರ ಮಳೆ ಉಂಟಾ ಅಂತ ಹೇಳುತ್ತಾ ಪಾ?”

“ಗುರುವಾರದ್ದಲ್ಲ ಪಾ. ಐವತ್ತು ವರ್ಷ ಆದ್ಮೇಲಿನ ಮಳೆ.”

ಪಾ ಕುಸ್ನಾನ್ ಕಿಟಕಿಯಾಚೆ ಆಕಾಶ ನೋಡಿದರು. “ಆಗಲೂ ಯಾರೋ ಹಪ್ಪಳ ಒಣಗಿಸ್ತಿರ್ತಾರೆ. ಹಾಕಿ.”

ಒಂದೇ ಎತ್ತನ್ನು ನಾಲ್ಕು ಗದ್ದೆಗೆ ಹೂಡಿದ ಹಾಗಾಯಿತು. ಕಂಪ್ಯೂಟರು ಸ್ವಲ್ಪ ಹೊತ್ತು ಔಷಧಿ, ಸ್ವಲ್ಪ ಹೊತ್ತು ಸಂಖ್ಯೆ, ಸ್ವಲ್ಪ ಹೊತ್ತು ಮಳೆ ಎಂದು ಸುತ್ತಿ ಬಂದು ನಕ್ಷತ್ರವನ್ನು ಮುಟ್ಟುವಷ್ಟರಲ್ಲಿ ಮತ್ತೆ ಔಷಧಿಯ ಸರದಿ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಹನ್ನೊಂದೂವರೆಗೆ ಬಾಕಿ ಇನ್ನೂ ನಾಲ್ಕು ಗಂಟೆಯ ಲೆಕ್ಕ ಎಂದು ಪರದೆ ತೋರಿಸಿತು. ವಾಗಿಯೊ ಅದರ ಮುಂದೆ ಕೂತು ಬೆರಳು ಮಡಚಿ ಎಣಿಸುತ್ತಿದ್ದಾಗ ಹೊರಗೆ ಗೋಡೆಯ ಮೇಲೆ ಟಪ್ ಎಂದಿತು. ಪರದೆ ಕತ್ತಲಾಯಿತು.

ನಮ್ಮ ಗಲ್ಲಿಯ ಮನೆಗಳಿಗೆಲ್ಲ ಒಂಬೈನೂರು ವ್ಯಾಟಿನ ಮಿತಿ. ಅನ್ನದ ಕುಕ್ಕರು, ನೀರಿನ ಪಂಪು, ಇಸ್ತ್ರಿಪೆಟ್ಟಿಗೆ ಇವುಗಳಲ್ಲಿ ಎರಡು ಒಟ್ಟಿಗೆ ಹಾಕಿದರೆ ಮೀಟರಿನ ಗುಂಡಿ ಕೆಳಗೆ ಬೀಳುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿಯೂ ಪಂಪೂ ಒಟ್ಟಿಗೆ ಓಡಿದ್ದವು, ಜೊತೆಗೆ ಮೈ ಬಿಸಿ ಮಾಡಿಕೊಂಡು ದುಡಿಯುತ್ತಿದ್ದ ಕಂಪ್ಯೂಟರು ಬೇರೆ. ವಾಗಿಯೊ ಓಡಿಹೋಗಿ ಗುಂಡಿ ಎತ್ತಿದ. ಮತ್ತೆ ಬಿತ್ತು, ಮತ್ತೆ ಎತ್ತಿದ. ಕಂಪ್ಯೂಟರು ಎಚ್ಚರಗೊಂಡಾಗ, ಮಾಡಿದ ಲೆಕ್ಕದಲ್ಲಿ ಸ್ವಲ್ಪ ಕಳೆದುಹೋಗಿತ್ತು. ಅವನಿಗೆ ಅಳು ಬರುವುದೊಂದು ಬಾಕಿ.

ಊಟದ ಹೊತ್ತು ಕಳೆದು ಒಂದೂವರೆಯಾದಾಗ, ಜೀವಮಾನದಲ್ಲೇ ಮೊದಲ ಸಲ ಅವನೊಂದು ಕಳ್ಳತನ ಮಾಡಿದ. ಅತ್ತಿತ್ತ ನೋಡಿ, ಔಷಧಿ, ಸಂಖ್ಯೆ, ಮಳೆ ಮೂರನ್ನೂ ತಡೆಹಿಡಿದು ನಕ್ಷತ್ರವೊಂದನ್ನೇ ಬಿಟ್ಟ. ಬಾಕಿ ನಾಲ್ಕು ಗಂಟೆ. ಮುಗಿಯುವುದು ಐದೂವರೆಗೆ. ಗಡುವಿಗೆ ಅರ್ಧ ಗಂಟೆ ಮೊದಲು. ಒಳಗೊಳಗೇ ಖುಷಿಯಾಯಿತು.

ಎರಡೂವರೆಗೆ ಬು ಮೆನುರ್ ತನ್ನ ಔಷಧಿ ಎಲ್ಲಿಗೆ ಬಂತು ಎಂದು ನೋಡಲು ಬಂದಳು. ಅವಳಿಗೆ ಇಂಗ್ಲಿಷು ಬಾರದು. ಆದರೆ ಓಡುವ ಗೆರೆಗೂ ನಿಂತ ಗೆರೆಗೂ ಇರುವ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತದೆ.

“ನಮ್ಮದು ನಿಂತುಬಿಟ್ಟಿದೆ,” ಎಂದಳು. ನಗುತ್ತಲೇ ಹೇಳಿದಳು. “ಪರವಾಗಿಲ್ಲ ಬಿಡಿ ಪಾ. ನಮ್ಮಂಥವರ ಕಾಯಿಲೆ ನಿಂತ್ರೂ ಒಂದೇ, ನಡೆದ್ರೂ ಒಂದೇ.”

ಸಲಾತಿಗದಲ್ಲಿ ಹೆಂಗಸು ನಗುತ್ತ ಪರವಾಗಿಲ್ಲ ಎಂದರೆ ವಿಷಯ ಕೈಮೀರಿದೆ ಎಂದು ಅರ್ಥ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ಪಾ ಗುರು ಕನ್ನಡಕ ಹಾಕಿಕೊಂಡು ಬಂದು ತಮ್ಮ ಸಂಖ್ಯೆಯೂ ನಿಂತಿದ್ದನ್ನು ಕಂಡು, “ಕಿವಿ ಇನ್ನೂ ಕೈಗೆ ಎಟುಕುತ್ತೆ ಕಣೋ,” ಎಂದಷ್ಟೇ ಹೇಳಿದರು. ಪಾ ಕುಸ್ನಾನ್ ಮಾತ್ರ ಮುಖ್ಯಸ್ಥರಿಗೆ ತಕ್ಕ ಹಾಗೆ ಸಮಾಧಾನದಿಂದಿದ್ದರು. ಹಾಸಿದ ಚಾಪೆ ಹೇಗೂ ಇತ್ತು.

“ಎಲ್ಲರೂ ಕೂತ್ಕೊಳ್ಳಿ. ತೀರ್ಮಾನ ಆಗೋವರೆಗೆ ಯಂತ್ರಾನ ಯಾರೂ ಮುಟ್ಟಬಾರದು. ಈಗ ಹೇಗಿದೆಯೋ ಹಾಗೇ ಇರಲಿ. ತೀರ್ಮಾನ ಆದ ಕ್ಷಣದಿಂದ ಜಾರಿ, ಮೊದಲ ಸರದಿ ಬು ಮೆನುರ್ ಅವರದು.”

ವಾಗಿಯೊ ತಲೆ ತಗ್ಗಿಸಿ ಕೂತ. ಆಮೇಲೆ ನಿಧಾನವಾಗಿ ತಲೆ ಎತ್ತಿದ. ಈಗ ಹೇಗಿದೆಯೋ ಹಾಗೆ ಎಂದರೆ ನಕ್ಷತ್ರವೊಂದೇ ಓಡುತ್ತಿದೆ. ಸಭೆ ಮುಗಿಯದಷ್ಟು ಹೊತ್ತು ಅದು ಓಡುತ್ತಲೇ ಇರುತ್ತದೆ. ಬೇಕಾದದ್ದು ಇನ್ನು ಮೂರು ಗಂಟೆ.

“ನನಗನ್ನಿಸೋದು ಇಷ್ಟು,” ಪಾ ಕುಸ್ನಾನ್ ಶುರುಮಾಡಿದರು. “ಯಂತ್ರ ಪಾ ವಾಗಿಯೊ ಅವರದು. ವಾರಕ್ಕೆ ನಾಲ್ಕು ದಿನ ಅವರಿಗೆ ಬೇಕಾದ್ದು ಮಾಡ್ಕೊಳ್ಳಲಿ. ನಮ್ಮ ಮೂವರಿಗೆ ಒಂದೊಂದು ದಿನ ಸಾಕು.”

ಬು ಮೆನುರ್‌ಳ ತಲೆ ಆಡಿತು. ಪಾ ಗುರುಗಳ ತಲೆಯೂ ಆಡಿತು. ಸಭೆ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಬುದ್ಧಿ ನೆಟ್ಟಗಿದ್ದವನು ಆಗಲೇ ಎರಡು ಕೈಯಲ್ಲೂ ಬಾಚಿಕೊಂಡು ಏಳಬೇಕಿತ್ತು. ವಾಗಿಯೊನ ಬುದ್ಧಿಯೆಲ್ಲ ಆ ಒಂದು ಕಟ್ಟಿನೊಳಗಿತ್ತು.

“ಆದರೂ...” ಎಂದ.

ಚಾಪೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ವಾಗಿಯೊನ ಬಾಯಿಂದ ಆ ಮಾತು ಹುಟ್ಟಿದ್ದನ್ನು ನಾವ್ಯಾರೂ ಕೇಳಿರಲಿಲ್ಲ.

“ಆದರೂ, ನನಗೆ ನಾಲ್ಕು, ಕಾಯಿಲೆಯವರಿಗೆ ಒಂದು ಅಂದ್ರೆ ನ್ಯಾಯವಾ ಅಂತ,” ಎಂದ ಅವನು ಗಂಟಲು ಸರಿಪಡಿಸಿಕೊಂಡು. “ಇದರ ಬಗ್ಗೆ ಎಲ್ಲರೂ ಸ್ವಲ್ಪ ವಿವರವಾಗಿ ಮಾತಾಡಿದ್ರೆ ಒಳ್ಳೇದು.”

ನಮ್ಮ ಗಲ್ಲಿಯವರಿಗೆ ವಿವರವಾಗಿ ಮಾತಾಡಿ ಎಂದು ಯಾರಾದರೂ ಹೇಳಬೇಕೆ? ಬು ಮೆನುರ್ ತನ್ನ ಸಕ್ಕರೆ ಕಾಯಿಲೆಯನ್ನು ಅಜ್ಜಿಯ ಕಾಲದಿಂದ ಎತ್ತಿಕೊಂಡಳು. ಅದು ಮುಗಿಯುವಾಗ ನಡುಹಗಲಿನ ಪ್ರಾರ್ಥನೆ ಕಳೆದು ಮುಂದಿನ ಪ್ರಾರ್ಥನೆಯ ಕರೆ ಬಂತು. ಕೈಕಾಲು ತೊಳೆಯಲು ನೀರು ಬೇಕು, ನೀರಿಗೆ ಪಂಪು ಬೇಕು, ಪಂಪು ಹಾಕಿದರೆ ಗುಂಡಿ ಬೀಳುತ್ತದೆ. ವಾಗಿಯೊ ಹಿತ್ತಲಿಗೆ ಓಡಿ, ವರ್ಷಗಟ್ಟಲೆ ಮುಟ್ಟದ ಬಾವಿಯ ರಾಟೆಗೆ ಹಗ್ಗ ಹಾಕಿ ಹನ್ನೊಂದು ಬಕೆಟ್ ನೀರು ಸೇದಿದ.

“ಪಂಪು ಕೆಟ್ಟಿದೆಯಾ ಪಾ?” ಪಾ ಕುಸ್ನಾನ್ ಕೇಳಿದರು.

“ಇಲ್ಲ ಪಾ. ಬಾವಿ ನೀರು ತಂಪು,” ಎಂದು ಏದುಸಿರು ಬಿಟ್ಟ ವಾಗಿಯೊ.

ಇದನ್ನೆಲ್ಲ ಸಾರ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೂವತ್ತಾರು ವರ್ಷ ಸಂಸಾರ ಮಾಡಿದವಳು. ಈ ಮನುಷ್ಯ ತನಗಾಗಿ ಏನನ್ನಾದರೂ ಬಯಸಿದ್ದು ಅವಳಿಗೆ ನೆನಪಿರಲಿಲ್ಲ. ಗಂಡ ಗಳಿಗೆಗೊಮ್ಮೆ ಪರದೆಯ ಕಡೆಗೂ ಮೀಟರಿನ ಕಡೆಗೂ ನೋಡುವುದನ್ನು ಕಂಡಳು. ಏನೆಂದು ಕೇಳಲಿಲ್ಲ. ಅರಿಶಿನ ಹಾಕಿ ನೆನೆಸಿದ ಅಕ್ಕಿಯನ್ನೂ ಕುಕ್ಕರನ್ನೂ ಎತ್ತಿಕೊಂಡು ಬು ಮೆನುರ್‌ಳ ಮನೆಗೆ ನಡೆದಳು. ಕಂಪ್ಯೂಟರಿನ ಮುಂದೆ ಹಾದು ಹೋಗುವಾಗ ಕೈ ಅಭ್ಯಾಸದಂತೆ ಗುಂಡಿಯ ಹತ್ತಿರ ಹೋಯಿತು. ಹಿಂದಕ್ಕೆ ಎಳೆದುಕೊಂಡಳು.

ಸಭೆ ಮತ್ತೆ ಸೇರಿತು. ವಾಗಿಯೊನಿಗೆ ಮೂರು ದಿನ ಎಂದು ನಿಂತಿತು. ಗಂಟೆ ನಾಲ್ಕು.

“ಆದರೂ, ಪಾ ಗುರುಗಳ ವಯಸ್ಸಿಗೆ ಒಂದೇ ದಿನ ಅಂದ್ರೆ...”

ಪಾ ಗುರು ಕಣ್ಣೊರೆಸಿಕೊಂಡರು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಮುಕ್ಕಾಲು ಗಂಟೆ ಪಾಠ ಮಾಡಿದರು. ವಾಗಿಯೊನ ಪಾಲು ಎರಡು ದಿನಕ್ಕೆ ಇಳಿಯಿತು.

“ಆದರೂ, ಮಳೆ ಎಲ್ಲರಿಗೂ ಸೇರಿದ್ದು. ನನ್ನೊಬ್ಬನದಕ್ಕೆ ಎರಡು, ಊರಿನ ಮಳೆಗೆ ಒಂದು ಅಂದ್ರೆ ನಾಳೆ ಮಕ್ಕಳು ಏನಂದಾರು?”

“ಪಾ ವಾಗಿಯೊ ಇಷ್ಟು ದೊಡ್ಡ ಮನಸ್ಸಿನವರು ಅಂತ ನಮಗೆ ಇಷ್ಟು ವರ್ಷ ತಿಳೀಲಿಲ್ಲವಲ್ಲ,” ಎಂದರು ಪಾ ಕುಸ್ನಾನ್. ಒಂದು ದಿನಕ್ಕೆ ಇಳಿಯಿತು. ಆ ಒಂದು ದಿನ ಭಾನುವಾರ. ಆಗ ಐದು ಮುಕ್ಕಾಲಾಗಲು ಹತ್ತು ನಿಮಿಷ. ಐದೂವರೆಗೆ ಮುಗಿಯಬೇಕಾದದ್ದು ಯಾಕೋ ಎಳೆಯುತ್ತಿತ್ತು, ಇನ್ನೂ ಕಾಲು ಗಂಟೆ ಬಾಕಿ ತೋರಿಸುತ್ತಿತ್ತು. ವಾಗಿಯೊನ ಬಳಿ ವಾದಗಳೆಲ್ಲ ಖಾಲಿಯಾಗಿದ್ದವು. ಕೈಗೆ ಸಿಕ್ಕಿದ್ದನ್ನು ಎಸೆದ.

“ಆದರೂ... ಭಾನುವಾರ ಯಂತ್ರಕ್ಕೂ ವಿಶ್ರಾಂತಿ ಬೇಡವಾ?”

ಈ ಮಾತಿಗೆ ಎಲ್ಲರೂ ತಿರುಗಿ ಯಂತ್ರದ ಕಡೆ ನೋಡಿದರು. ಬಹಳ ಆಳವಾದ ಮಾತು ಎಂದು ಪಾ ಗುರು ಹೇಳಿದರು. ಯಂತ್ರಕ್ಕೆ ವಿಶ್ರಾಂತಿ ಕೊಡುವ ಬಗ್ಗೆ ಅವರವರ ಸೈಕಲ್ಲು, ಹೊಲಿಗೆ ಯಂತ್ರ, ಮೊಣಕಾಲುಗಳ ಉದಾಹರಣೆಗಳು ಬಂದವು. ಐದು ಐವತ್ತೆರಡಕ್ಕೆ ಪರದೆಯ ಗೆರೆ ತುದಿ ಮುಟ್ಟಿತು. ಕಟ್ಟು ತಾನಾಗಿ ಹೊರಟುಹೋಯಿತು.

“ನನಗೆ ಒಪ್ಪಿಗೆ,” ಎಂದ ವಾಗಿಯೊ, ಎದ್ದು ನಿಂತು. “ಎಲ್ಲಕ್ಕೂ ಒಪ್ಪಿಗೆ.”

ತಲೆಗಳೆಲ್ಲ ಒಟ್ಟಿಗೆ ಆಡಿದವು. ಪಾ ಕುಸ್ನಾನ್ ಕಾಗದದಲ್ಲಿ ಬರೆದರು: ಎರಡು ದಿನ ಔಷಧಿ, ಎರಡು ದಿನ ಸಂಖ್ಯೆ, ಎರಡು ದಿನ ಮಳೆ, ಭಾನುವಾರ ವಿಶ್ರಾಂತಿ. ಎಲ್ಲರೂ ಸಹಿ ಹಾಕಿದರು. ವಾಗಿಯೊ ಹಾಲಿನ ಚೀಟಿಗೆ ಹಾಕುತ್ತಿದ್ದ ಸಹಿಯನ್ನೇ ಹಾಕಿದ. ಕಾಗದ ಗೋಡೆ ಏರಿತು.

ಸಂಜೆಯ ಪ್ರಾರ್ಥನೆ ಮುಗಿದು ಹಳದಿ ಅನ್ನದ ಗೋಪುರ ಚಾಪೆಯ ನಡುವೆ ಬಂದು ಕೂತಿತು. ಸುತ್ತ ಕೋಳಿ, ಮೊಟ್ಟೆ, ತೆಂಗಿನ ತುರಿ ಹಾಕಿದ ಸೊಪ್ಪು, ಪಾ ಕುಸ್ನಾನ್‌ರ ಹಪ್ಪಳ. ಗೋಪುರದ ತುದಿ ಹಿರಿಯರಿಗೆ ಸಲ್ಲಬೇಕು. ಸಾರ್ಮಿ ಅದನ್ನು ಕತ್ತರಿಸಿ ನೇರವಾಗಿ ಗಂಡನ ತಟ್ಟೆಗೆ ಹಾಕಿದಳು. ಪಾ ಗುರು ಚಾಚಿದ್ದ ತಟ್ಟೆಯನ್ನು ನಗುತ್ತ ಹಿಂದಕ್ಕೆ ಎಳೆದುಕೊಂಡರು. ವಾಗಿಯೊನ ಮನಸ್ಸು ತುಂಬಿ ಬಂತು. ತುಂಬಿದ ಮನಸ್ಸಿನಲ್ಲಿ ಗುಟ್ಟು ನಿಲ್ಲಲಿಲ್ಲ. ತೆಂಪೆಯ ಪೊಟ್ಟಣದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟ.

“ನಕ್ಷತ್ರವಾ?” ಬು ಮೆನುರ್ ಕೋಳಿಯ ಕಾಲನ್ನು ಕೆಳಗಿಟ್ಟಳು. “ಅದಕ್ಕಾ ಬಾವಿ ನೀರು ತಂಪು ಅಂದಿದ್ದು?”

ಯಾರಿಗೂ ಸಿಟ್ಟು ಬರಲಿಲ್ಲ. ಹೊಟ್ಟೆಗೆ ಬಿಸಿ ಅನ್ನ ಬಿದ್ದಿತ್ತು. ಗಲ್ಲಿಗೊಂದು ನಕ್ಷತ್ರವಾದರೆ ಯಾರಿಗೆ ನಷ್ಟ? ಎಲ್ಲರೂ ಎದ್ದು ಕಂಪ್ಯೂಟರಿನ ಸುತ್ತ ನಿಂತರು. ಪಾ ಗುರು ಕನ್ನಡಕ ಏರಿಸಿ ಪರದೆ ಓದಿದರು.

“ಬಂದು ಸೇರಿದೆ ಅಂತ ಬರೆದಿದ್ದಾರೆ. ಸರಿಯಾದ ಹೊತ್ತಿಗೆ ಸೇರಿದೆ.” ವಾಗಿಯೊ ಉಸಿರು ಬಿಟ್ಟ. “ಆದರೆ...”

“ಆದರೆ ಏನು ಪಾ ಗುರು?”

“ಇದು ಇನ್ನೂ ಊರ್ಜಿತ ಅಲ್ಲವಂತೆ. ಇದೇ ಕಟ್ಟನ್ನ ಇನ್ನೊಬ್ಬರ ಕಂಪ್ಯೂಟರಿಗೂ ಕಳಿಸಿದ್ದಾರೆ. ಅದೂ ಲೆಕ್ಕ ಮಾಡಿ, ಎರಡೂ ಉತ್ತರ ಒಪ್ಪಬೇಕು. ಒಬ್ಬರದೇ ಆದ್ರೆ ಲೆಕ್ಕಕ್ಕೆ ತಗೊಳ್ಳಲ್ಲ.”

ಪಾ ಕುಸ್ನಾನ್‌ರ ಮುಖ ಹಬ್ಬದ ದೀಪದ ಹಾಗೆ ಹೊತ್ತಿಕೊಂಡಿತು. “ನಾನು ಹೇಳಲಿಲ್ವಾ? ಇಷ್ಟು ವರ್ಷದಿಂದ ಹೇಳ್ತಾ ಇದ್ದೀನಿ. ಒಬ್ಬ ಆಡಿದ್ದು ಬರೀ ಸದ್ದು.” ಹೇಳಿ ನಮ್ಮ ತಲೆಗಳ ಕಡೆ ನೋಡಿದರು. ಆಡಿಸಿದೆವು.

“ಯಾರು ಆ ಇನ್ನೊಬ್ಬ?” ವಾಗಿಯೊ ಮೆಲ್ಲಗೆ ಕೇಳಿದ.

“ಪೆಂಟ್ಟಿ ಅಂತ. ಫಿನ್ಲೆಂಡಿನವನು. ಅವನಿಗೆ ಗಡುವು ಒಂದು ತಿಂಗಳು ಮುಂದಕ್ಕೆ ಹಾಕಿದ್ದಾರೆ. ಒಂಬತ್ತು ದಿನದಿಂದ ಅವನ ಕಂಪ್ಯೂಟರೇ ಓಡಿಲ್ಲ.”

“ಅವನ ಹೆಂಡತಿ ಆರಿಸಿರ್ತಾಳೆ,” ಎಂದಳು ಸಾರ್ಮಿ.

“ಜನ ಹೇಗೋ ಏನೋ,” ಬು ಮೆನುರ್‌ಗೆ ಚಿಂತೆಯಾಯಿತು. “ಸುಲಭಕ್ಕೆ ಒಪ್ಪೋ ಪೈಕಿನಾ? ವಿಳಾಸ ಇದ್ರೆ ಒಂದಿಷ್ಟು ಹಪ್ಪಳ ಕಳಿಸ್ಬಹುದಿತ್ತು.”

“ಅವನು ಒಪ್ಪಿದ್ರೂ ಅದರಲ್ಲಿ ನಕ್ಷತ್ರ ಇರಬೇಕಲ್ಲೋ,” ಎಂದರು ಪಾ ಗುರು, ವಾಗಿಯೊನ ಹೆಗಲ ಮೇಲೆ ಕೈಯಿಟ್ಟು. “ಇಂಥ ಕಟ್ಟು ಸಾವಿರಾರು ಮಾಡಿದವರಿಗೂ ಸಿಕ್ಕಿಲ್ಲ. ಒಂದಕ್ಕೇ ಸಿಗಲಿ ಅಂದ್ರೆ ಹೇಗೆ? ವಾರಕ್ಕೆ ನಾಲ್ಕೈದು ದಿನ, ವರ್ಷಗಟ್ಟಲೆ ಮಾಡ್ತಾ ಇರಬೇಕು.”

ಎಲ್ಲರ ಕಣ್ಣೂ ಗೋಡೆಯ ಮೇಲಿನ ಕಾಗದದ ಕಡೆ ಹೋಯಿತು.

“ನಾಲ್ಕು ದಿನ ಮೊದಲೇ ಕೊಟ್ಟಿದ್ದೆವಲ್ಲ ಪಾ,” ಪಾ ಕುಸ್ನಾನ್ ನೊಂದು ಹೇಳಿದರು. “ನೀವೇ ಬೇಡ ಅಂದಿರಿ. ಈಗ ಬದಲಾಯಿಸಿದ್ರೆ ಇಷ್ಟು ಜನ ಆಡಿಸಿದ ತಲೆಗೆ ಬೆಲೆ ಏನು?”

ವಾಗಿಯೊ ಅದನ್ನೂ ಒಪ್ಪಿದ. ತಟ್ಟೆಯಲ್ಲಿ ಗೋಪುರದ ತುದಿ ಇನ್ನೂ ಬೆಚ್ಚಗಿತ್ತು. ತಿಂದ. ಚೆನ್ನಾಗಿತ್ತು. ಒಬ್ಬೊಬ್ಬರಾಗಿ ಎದ್ದು, ಎಲೆಯಲ್ಲಿ ಕಟ್ಟಿದ ಊಟದ ಪೊಟ್ಟಣ ಹಿಡಿದು ಹೊರಟರು. ಚಾಪೆ ಸುತ್ತುವಾಗ ಸಾರ್ಮಿ ಗಂಡನ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು.

“ಪಾ, ಭಾನುವಾರ ಯಾರ ಸರದೀನೂ ಇಲ್ಲವಲ್ಲ. ಬೆಳಗ್ಗೆ ನೀವು ನಿಮ್ಮ ನಕ್ಷತ್ರ ಹಾಕಿ ಎದ್ದುಬಿಡಿ. ನಾನು ಆರಿಸಲ್ಲ. ಆ ಕಡೆ ನೋಡೋದೇ ಇಲ್ಲ.”

ವಾಗಿಯೊನ ಮುಖ ಅರಳಿತು. ಏನೋ ಹೇಳಲು ಬಾಯಿ ತೆರೆದ.

“ಭಾನುವಾರದ ವಿಷಯ ಅಂದ್ರಾ?” ಬಿದಿರು ತಟ್ಟಿಯ ಗೋಡೆಯ ಆಚೆಯಿಂದ ಬು ಮೆನುರ್‌ಳ ದನಿ ಬಂತು. ಅವಳು ಬಕೆಟ್ಟಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. “ನಾನೂ ಅದನ್ನೇ ಯೋಚಿಸ್ತಿದ್ದೆ ಪಾ. ಸುಮ್ನೆ ಯಾಕೆ ಖಾಲಿ ಬಿಡೋದು? ಆ ಕೂಪನ್ನಿನ ಲೆಕ್ಕಕ್ಕೆ ಅದೊಂದು ದಿನ ನನಗಿರಲಿ. ಏನಂತೀರಾ?”

ಗಲ್ಲಿಯಲ್ಲಿ ಪೊಟ್ಟಣ ಹಿಡಿದು ನಡೆಯುತ್ತಿದ್ದ ಪಾ ಕುಸ್ನಾನ್ ನಿಂತು, ಕಿಟಕಿಯೊಳಗೆ ಇಣುಕಿ ತಲೆಯಾಡಿಸಿದರು. ಅವರ ಹಿಂದಿದ್ದ ಪಾ ಗುರುಗಳ ತಲೆಯೂ ಆಡಿತು.

“ಆಗಬಹುದು,” ಎಂದ ವಾಗಿಯೊ.

ಇದಾಗಿ ಹನ್ನೆರಡು ದಿನವಾಯಿತು. ನಮ್ಮ ಗಲ್ಲಿಯಲ್ಲಿ ಎಲ್ಲರದೂ ಒಪ್ಪಿಗೆಯಿದೆ. ಫಿನ್ಲೆಂಡಿನವನು ಮಾತ್ರ ಇನ್ನೂ ತಲೆಯಾಡಿಸಿಲ್ಲ.